ರಾಜನಿಗೆ ನಾಯಕ, ಊರಿಗೆ ಕಂಪನಿ ಮಾಲೀಕ: ಕಾರ್ಲ್ ಸ್ಟೆನ್‌ಬೋರ್ಗ್ ಕಥೆ

ಪ್ರಶ್ನೆ: ಒಪೆರಾ ಮಂದಿರದಲ್ಲೇ ಗುಂಡೇಟು ತಿಂದ ಸ್ವೀಡನ್ ದೊರೆ ಮೂರನೇ ಗುಸ್ತಾವ್ ಬಗ್ಗೆ ಓದುತ್ತಿದ್ದೆ. ಅಲ್ಲಿ ಕಾರ್ಲ್ ಸ್ಟೆನ್‌ಬೋರ್ಗ್ ಅನ್ನೋ ಹೆಸರು ಸಿಕ್ಕಿತು. ಒಂದು ಕಡೆ ಅವರನ್ನು ಒಪೆರಾ ಗಾಯಕ ಅಂತಾರೆ, ಇನ್ನೊಂದು ಕಡೆ ನಾಟಕದ ನಟ, ಮತ್ತೊಂದು ಕಡೆ ನಾಟಕ ಕಂಪನಿಯ ಮಾಲೀಕ. ಇದರಲ್ಲಿ ಯಾವುದು ಸರಿ? ಸ್ವೀಡಿಷ್ ಭಾಷೆಯಲ್ಲಿ ಅಭಿನಯಿಸಿದ ಮೊದಲ ನಟ ಇವರೇನಾ? ಅವರು ಆಡಿದ ರಂಗಮಂದಿರಗಳು ಈಗಲೂ ಇವೆಯಾ?

ಉತ್ತರ: ಮೂರೂ ಸರಿ. ಒಬ್ಬನೇ ಮನುಷ್ಯ ಮೂರೂ ಆಗಿದ್ದ. ಮೊದಲ ನಟ ಮಾತ್ರ ಅಲ್ಲ. ಅದಕ್ಕೆ ಅವರಿಗಿಂತ ಒಂದು ತಲೆಮಾರು ಹಿಂದೆ ಹೋಗಬೇಕು.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಸ್ವೀಡನ್ನಿನವರು ಈ ಹೆಸರಿನ ಕೊನೆಯಲ್ಲಿ 'ಗ್' ಅನ್ನೋದಿಲ್ಲ, ಹೆಚ್ಚುಕಮ್ಮಿ 'ಯ್' ಅಂತಾರೆ. ಸ್ಟೇನ್‌ಬೋರ್ಯ್. ನಮ್ಮ ಬಾಯಿಗೆ ಅದು ಕಷ್ಟ, ನೀವು ಬರೆದಿರೋ ಹಾಗೆ ಸ್ಟೆನ್‌ಬೋರ್ಗ್ ಅಂತಲೇ ಇರಲಿ. ನಾನು ರಂಗಭೂಮಿ ಇತಿಹಾಸ ಪಾಠ ಮಾಡೋನು. ತರಗತಿಯಲ್ಲೂ ಹೀಗೇ ಹೇಳ್ತೀನಿ, ಇಲ್ಲಿವರೆಗೆ ಯಾರೂ ತಕರಾರು ಮಾಡಿಲ್ಲ.

ಈಗ ಹಿಂದಕ್ಕೆ. ಸ್ಟಾಕ್‌ಹೋಮಿನ ಅರಮನೆ ಪಕ್ಕದಲ್ಲಿ ಬೊಲ್‌ಹುಸೆಟ್ ಅನ್ನೋ ಕಟ್ಟಡ ಇತ್ತು. ಅಂದರೆ 'ಚೆಂಡಿನ ಮನೆ'. ಹದಿನೇಳನೇ ಶತಮಾನದಲ್ಲಿ ಆಸ್ಥಾನದವರು ಒಳಾಂಗಣದಲ್ಲಿ ಟೆನಿಸ್ ತರಹದ ಆಟ ಆಡಲಿ ಅಂತ ಕಟ್ಟಿದ್ದು. ಉದ್ದನೆಯ ಹಜಾರ, ಎತ್ತರದ ಸೂರು, ನಡುವೆ ಕಂಬ ಇಲ್ಲ. ಒಂದು ತುದಿಯಲ್ಲಿ ಅಟ್ಟ ಹಾಕಿದರೆ ನಾಟಕಕ್ಕೆ ಹೇಳಿ ಮಾಡಿಸಿದ ಜಾಗ. ಆಗ ಯುರೋಪಿನ ಎಷ್ಟೋ ನಾಟಕಶಾಲೆಗಳು ಹುಟ್ಟಿದ್ದು ಹೀಗೇ, ಚೆಂಡಾಟದ ಹುಚ್ಚು ಇಳಿದ ಮೇಲೆ ಖಾಲಿ ಬಿದ್ದ ಹಜಾರಗಳಲ್ಲಿ.

ಇದೇ ಬೊಲ್‌ಹುಸೆಟ್‌ನಲ್ಲಿ 1737ರಲ್ಲಿ ಸ್ವೀಡಿಷ್ ಭಾಷೆಯ ವೃತ್ತಿನಾಟಕ ಶುರುವಾಯಿತು. ಆವರೆಗೆ ರಾಜಧಾನಿಯಲ್ಲಿ ವೃತ್ತಿನಾಟಕ ಅಂದರೆ ಹೊರಗಿಂದ ಬಂದ ಜರ್ಮನ್, ಡಚ್, ಫ್ರೆಂಚ್ ಮೇಳಗಳದ್ದು. ಸ್ವೀಡಿಷ್‌ನಲ್ಲಿ ಆಡುತ್ತಿದ್ದವರು ಹೆಚ್ಚಾಗಿ ವಿದ್ಯಾರ್ಥಿಗಳು. ಹೊಸ ತಂಡದ ಮೊದಲ ದೊಡ್ಡ ನಾಟಕ ಕಾರ್ಲ್ ಗಿಲ್ಲೆನ್‌ಬೋರ್ಗ್ ಬರೆದ 'ಸ್ವೀಡನ್ನಿನ ಶೋಕಿಲಾಲ'. ಪ್ಯಾರಿಸ್ ಗುಂಗು ಹತ್ತಿಸಿಕೊಂಡವನನ್ನು ಗೇಲಿ ಮಾಡೋ ಪ್ರಹಸನ. ಆ ನಾಟಕದಲ್ಲಿ ಬಿಯಾಟಾ ಸಬೀನಾ ಸ್ಟ್ರಾಸ್ ಅನ್ನೋ ಹೆಣ್ಣುಮಗಳು ರಂಗಕ್ಕೆ ಬಂದಳು. ಸ್ವೀಡನ್ನಿನ ವೃತ್ತಿರಂಗಭೂಮಿಯ ಮೊದಲ ಸ್ವದೇಶಿ ನಟಿ ಅಂತ ಅವಳನ್ನೇ ಹೆಸರಿಸುತ್ತಾರೆ. ಅದಕ್ಕೆ ಮೊದಲು ಅವಳು ದೊಡ್ಡವರ ಮನೆಯಲ್ಲಿ ಕೆಲಸಕ್ಕಿದ್ದವಳು. ಗಂಡಸರ ಪೈಕಿ ಪೀಟರ್ ಲಿಂಡಾಲ್ ಆ ತಂಡದ ದೊಡ್ಡ ಹೆಸರು. ಹಾಗಾಗಿ 'ಮೊದಲು ಯಾರು' ಅಂತ ಕೇಳಿದರೆ ನನ್ನ ಉತ್ತರ ಇವರಿಬ್ಬರ ಕಡೆಗೆ. ಆಗ ಕಾರ್ಲ್ ಸ್ಟೆನ್‌ಬೋರ್ಗ್ ಇನ್ನೂ ಹುಟ್ಟೇ ಇರಲಿಲ್ಲ.

ಈ ತಂಡ ಹದಿನಾರು ಹದಿನೇಳು ವರ್ಷ ಹೇಗೋ ನಡೀತು. ಆಮೇಲೆ ಬಂದಳು ರಾಣಿ ಲೊವೀಸಾ ಉಲ್ರಿಕಾ. ಪ್ರಷ್ಯಾದ ದೊರೆ ಫ್ರೆಡರಿಕ್‌ನ ತಂಗಿ, ಬುದ್ಧಿವಂತೆ, ಮಹಾ ಗತ್ತಿನ ಹೆಂಗಸು. ಅವಳಿಗೆ ಫ್ರೆಂಚ್ ಬಿಟ್ಟು ಬೇರೆ ನಾಟಕ ನಾಟಕವೇ ಅಲ್ಲ. 1753ರಲ್ಲಿ ದು ಲೊಂದೆಲ್ ಅನ್ನೋ ಫ್ರೆಂಚ್ ಕಂಪನಿಯನ್ನು ಕರೆಸಿದಳು. ಸ್ವಲ್ಪ ದಿನದಲ್ಲೇ ಬೊಲ್‌ಹುಸೆಟ್ ಅವರ ಪಾಲಾಯಿತು, ಸ್ವೀಡಿಷ್ ನಟರು ಬೀದಿಗೆ ಬಿದ್ದರು.

ಅಲ್ಲಿಂದ ತಂಡ ಎರಡು ಹೋಳು. ಒಂದು ಹೋಳು ಲಿಂಡಾಲ್ ಜೊತೆ ಊರೂರು ತಿರುಗೋಕೆ ಹೊರಟಿತು. ಮುಂದೆ ಅದು ಅವರ ಅಳಿಯ ಕಾರ್ಲ್ ಸೋಯರ್ಲಿಂಗ್ ಕೈಗೆ ಬಂತು. ಲಿಂಡಾಲ್ ಮಗಳು ಮಾರ್ಗರೇಟಾ ಸೋಯರ್ಲಿಂಗ್ ಕಂಪನಿ ಕಟ್ಟಿಕೊಂಡು ಫಿನ್‌ಲ್ಯಾಂಡ್ ತನಕ ಹೋದಳು. ಅವಳದ್ದೇ ಒಂದು ದೊಡ್ಡ ಕಥೆ, ಇವತ್ತಿಗೆ ಬೇಡ. ಇನ್ನೊಂದು ಹೋಳು ಸ್ಟಾಕ್‌ಹೋಮ್ ಬಿಟ್ಟು ಕದಲಲಿಲ್ಲ. ಅದರ ಯಜಮಾನ ಪೆಟ್ಟರ್ ಸ್ಟೆನ್‌ಬೋರ್ಗ್, ನೀವು ಕೇಳಿದ ಕಾರ್ಲ್‌ನ ಅಪ್ಪ.

ಕಾರ್ಲ್ ಹುಟ್ಟಿದ್ದು 1752ರ ಸೆಪ್ಟೆಂಬರ್ 25ಕ್ಕೆ. ಅಂದರೆ ಸ್ವೀಡಿಷ್ ನಾಟಕದ ಕಾಲ ಕೆಳಗೆ ಸರಿಯೋ ಹೊತ್ತಿಗೆ ಸರಿಯಾಗಿ. ಅವನ ಬಾಲ್ಯದಲ್ಲೆಲ್ಲಾ ಅರಮನೆ ಪಕ್ಕದ ಒಳ್ಳೆಯ ರಂಗದಲ್ಲಿ ಫ್ರೆಂಚರು, ಸಿಕ್ಕಿದ ಕಡೆ ಹಲಗೆ ಹಾಸಿಕೊಂಡು ಆಡೋರು ಅವರಪ್ಪನ ಕಂಪನಿಯವರು. ನೋಡೋಕೆ ಬರುತ್ತಿದ್ದವರು ಕಸುಬುದಾರರು, ಸಣ್ಣ ವ್ಯಾಪಾರಿಗಳು, ಸೈನಿಕರು. ಮರ್ಯಾದಸ್ಥರು ಆ ಕಡೆ ಮುಖ ಹಾಕುತ್ತಿದ್ದದ್ದು ಕಮ್ಮಿ. ಆದರೂ ಆ ಇಪ್ಪತ್ತು ವರ್ಷ ರಾಜಧಾನಿಯಲ್ಲಿ ಸ್ವೀಡಿಷ್ ಮಾತಾಡೋ ರಂಗ ಪೂರ್ತಿ ಸಾಯದೆ ಉಳಿದದ್ದು ಈ ಬಡಕಲು ಕಂಪನಿಯಿಂದ. ಪುಸ್ತಕಗಳು ಗುಸ್ತಾವ್ ದೊರೆಯಿಂದ ಕಥೆ ಶುರು ಮಾಡುತ್ತವಲ್ಲ, ನನಗೆ ಅದರ ಬಗ್ಗೆ ಸ್ವಲ್ಪ ಸಿಟ್ಟಿದೆ. ಕಥೆ ಪೆಟ್ಟರ್‌ನಿಂದ ಶುರುವಾಗಬೇಕು.

1771ರ ಫೆಬ್ರವರಿಯಲ್ಲಿ ಹಳೆಯ ರಾಜ ಅಡಾಲ್ಫ್ ಫ್ರೆಡ್ರಿಕ್ ತೀರಿಕೊಂಡ. ಭರ್ಜರಿ ಊಟದ ಮೇಲೆ ಬಿಸಿ ಹಾಲಲ್ಲಿ ನೆನೆಸಿದ ಸೆಮ್ಲಾ ಅನ್ನೋ ಬನ್ನು ತಿಂದು ಸತ್ತ ಅಂತ ಸ್ವೀಡನ್ನಿನವರು ಈಗಲೂ ನಗ್ತಾ ಹೇಳ್ತಾರೆ. ಮಗ ಗುಸ್ತಾವ್ ಆಗ ಪ್ಯಾರಿಸ್‌ನಲ್ಲಿದ್ದ. ಅಪ್ಪ ಸತ್ತ ಸುದ್ದಿ ಅವನಿಗೆ ತಲುಪಿದ್ದೂ ಒಪೆರಾ ನೋಡುತ್ತಾ ಕೂತಿದ್ದಾಗ. ಒಪೆರಾದಲ್ಲಿ ರಾಜನಾದ, ಒಪೆರಾದಲ್ಲೇ ಗುಂಡು ತಿಂದ. ನಾಟಕ ಬರೆಯೋನು ಹೀಗೆ ಬರೆದರೆ 'ಜಾಸ್ತಿಯಾಯ್ತು' ಅಂತೀವಿ, ಅಲ್ವಾ?

ಊರಿಗೆ ಬಂದವನೇ ಫ್ರೆಂಚ್ ಕಂಪನಿಯನ್ನು ಮನೆಗೆ ಕಳಿಸಿದ. ಖಜಾನೆ ಖಾಲಿ ಅನ್ನೋದು ಒಂದು ಕಾರಣ, ತಾನು ಸ್ವದೇಶಿ ರಾಜ ಅಂತ ತೋರಿಸಿಕೊಳ್ಳೋ ಆಸೆ ಇನ್ನೊಂದು. ಪೆಟ್ಟರ್ ಸ್ಟೆನ್‌ಬೋರ್ಗ್ ಇದನ್ನೇ ಕಾಯುತ್ತಿದ್ದವನ ಹಾಗೆ ಅರ್ಜಿ ಹಾಕಿದ. ಬೊಲ್‌ಹುಸೆಟ್ ಖಾಲಿ ಇದೆ, ನಾವು ಸ್ವೀಡಿಷ್‌ನಲ್ಲಿ ಆಡ್ತೀವಿ, ಒಂದು ಸಲ ನೋಡಿ ಅಂತ. 1772ರ ಮಾರ್ಚ್‌ನಲ್ಲಿ ರಾಜನ ಮುಂದೆ ಆಡೋ ಅವಕಾಶ ಸಿಕ್ಕೇಬಿಟ್ಟಿತು. ಇಪ್ಪತ್ತು ವರ್ಷ ಶೆಡ್ಡಿನಂಥ ಜಾಗಗಳಲ್ಲಿ ಆಡಿದ ಜನ, ಇದ್ದಕ್ಕಿದ್ದ ಹಾಗೆ ಪ್ಯಾರಿಸ್ ನೋಡಿಬಂದ ರಾಜನ ಕಣ್ಣೆದುರು ನಿಂತರು. ಆಸ್ಥಾನಕ್ಕೆ ಅದು ಒರಟು ಅನ್ನಿಸಿತು. ರಾಜನ ತೀರ್ಮಾನ ಏನಾಯಿತು ಗೊತ್ತಾ? ಸ್ವೀಡಿಷ್ ರಂಗಭೂಮಿ ಬೇಕು, ಆದರೆ ಮಾತಿನ ನಾಟಕಕ್ಕೆ ಈ ಭಾಷೆ ಇನ್ನೂ ಹದಕ್ಕೆ ಬಂದಿಲ್ಲ, ಮೊದಲು ಹಾಡಲಿ. ಸಂಗೀತ ಇದ್ದರೆ ಭಾಷೆಯ ಗಡಸು ಮುಚ್ಚಿಹೋಗುತ್ತೆ.

ಹೀಗೆ ಪೆಟ್ಟರ್‌ಗೆ ಬೊಲ್‌ಹುಸೆಟ್ ಸಿಗಲಿಲ್ಲ, ಅವನ ಮಗನಿಗೆ ಸಿಕ್ಕಿತು.

ಯಾಕಂದರೆ ಸ್ವೀಡಿಷ್ ಒಪೆರಾ ಮಾಡೋಕೆ ಸ್ವೀಡಿಷ್‌ನಲ್ಲಿ ಹಾಡೋರು ಬೇಕು, ಅಂಥವರು ದೇಶದಲ್ಲಿ ಇರಲೇ ಇಲ್ಲ. ಮೊದಲ ನಿರ್ದೇಶಕ ಗುಸ್ತಾವ್ ಯೋಹಾನ್ ಎರೆನ್‌ಸ್ವೇರ್ಡ್ ಸಿಕ್ಕವರನ್ನೆಲ್ಲಾ ಸೇರಿಸಿದ. ಹವ್ಯಾಸಕ್ಕೆ ಹಾಡೋ ಕಚೇರಿ ಗುಮಾಸ್ತರು, ಚರ್ಚಿನ ಹಾಡುಗಾರರು, ಹೀಗೆ. ಆ ಗುಂಪಿನಲ್ಲಿ ರಂಗದ ಮೇಲೆ ಕೈಕಾಲು ಎಲ್ಲಿಡಬೇಕು ಅಂತ ಮೊದಲೇ ಗೊತ್ತಿದ್ದವರು ಬೆರಳೆಣಿಕೆ. ಕಾರ್ಲ್‌ಗೆ ಗೊತ್ತಿತ್ತು. ಟೆನರ್ ಧ್ವನಿ (ಗಂಡಸರ ಎತ್ತರದ ಸ್ವರ), ರಂಗದ ಮೇಲೆ ಎದ್ದು ಕಾಣೋ ಆಳು, ವಯಸ್ಸು ಇಪ್ಪತ್ತು.

1773ರ ಜನವರಿ 18. ಬೊಲ್‌ಹುಸೆಟ್‌ನಲ್ಲಿ 'ಥೆಟಿಸ್ ಮತ್ತು ಪೆಲೆ'. ಸಂಗೀತ ಇಟಲಿಯ ಫ್ರಾನ್ಸೆಸ್ಕೊ ಉತ್ತೀನಿಯದ್ದು, ಸಾಹಿತ್ಯ ಯೋಹಾನ್ ವೆಲ್ಲಾಂಡರ್‌ನದ್ದು, ಕಥೆಯ ನಕ್ಷೆ ಸ್ವತಃ ರಾಜನದ್ದು. ಕಡಲ ದೇವತೆ ಥೆಟಿಸ್ ಆಗಿ ಎಲಿಸಬೆತ್ ಊಲಿನ್, ಅವಳನ್ನು ಪ್ರೀತಿಸೋ ಮನುಷ್ಯ ಪೆಲೆ ಆಗಿ ಕಾರ್ಲ್ ಸ್ಟೆನ್‌ಬೋರ್ಗ್. ಸ್ವೀಡನ್ನಿನ ರಾಯಲ್ ಒಪೆರಾ ತನ್ನ ಹುಟ್ಟಿದ ದಿನ ಅಂತ ಲೆಕ್ಕ ಹಾಕೋದು ಇದನ್ನೇ. ಪ್ರಯೋಗ ಗೆದ್ದಿತು. ಸ್ವೀಡಿಷ್‌ನಲ್ಲಿ ಹಾಡಿದರೆ ಚೆನ್ನಾಗಿರುತ್ತಾ ಅನ್ನೋ ಗುಸುಗುಸು ಅಲ್ಲಿಗೆ ನಿಂತಿತು.

ಊಲಿನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಅವಳ ತಾಯಿ ಎಲಿಸಬೆತ್ ಲಿಲ್‌ಸ್ಟ್ರೋಮ್ ಹಳೆಯ ಬೊಲ್‌ಹುಸೆಟ್ ತಂಡದ ನಟಿ. ಮಗಳು ಏಳನೇ ವಯಸ್ಸಿಗೇ ರಂಗ ಹತ್ತಿದವಳು, 1747ರಲ್ಲಿ. ಆಮೇಲೆ ಸರ್ಕಾರಿ ಅಧಿಕಾರಿಯೊಬ್ಬನನ್ನು ಮದುವೆಯಾಗಿ ಸಂಗೀತ ಕಚೇರಿಗಳಲ್ಲಿ ಹಾಡಿಕೊಂಡಿದ್ದಳು. ರಂಗಕ್ಕೆ ವಾಪಸ್ ಬರೋದು ಅಂದರೆ ಮರ್ಯಾದೆಯ ಪ್ರಶ್ನೆ, ಅಧಿಕಾರಿಯ ಹೆಂಡತಿ ಅಲ್ವಾ? ಆದರೂ ಬಂದಳು. 1782ರಲ್ಲಿ ರಾಯಲ್ ಸಂಗೀತ ಅಕಾಡೆಮಿಗೆ ಸದಸ್ಯೆಯಾದ ಮೊದಲ ಹೆಂಗಸು ಅವಳೇ.

ಥೆಟಿಸ್ ಆಡಿದಾಗ ಅವಳಿಗೆ 32, ಕಾರ್ಲ್‌ಗೆ 20. ರಂಗದ ಮೇಲಿನ ಪ್ರೇಮ ರಂಗದಿಂದ ಕೆಳಗೂ ಇಳಿಯಿತು. ಸ್ಟಾಕ್‌ಹೋಮ್‌ಗೆ ಅದು ಗುಟ್ಟಾಗೇನೂ ಇರಲಿಲ್ಲ. ಇಪ್ಪತ್ತು ವರ್ಷ ಆದಮೇಲೆ, 1793ರಲ್ಲಿ, ಕಾರ್ಲ್ ಮದುವೆಯಾದದ್ದು ಅವಳ ಮಗಳು ಬೆಟ್ಟಿಯನ್ನು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲಾ ಹಿಂದಿನ ಬೆಂಚಿಂದ ಒಂದು ಶಿಳ್ಳೆ ಬರುತ್ತೆ. ಬೆಟ್ಟಿಯೂ ಗಾಯಕಿ. ಆಗ ನಟರು, ಗಾಯಕರು ಎಲ್ಲಾ ಸೇರಿ ನಾಲ್ಕೈದು ಮನೆತನ, ಮದುವೆಗಳೂ ಅವರವರಲ್ಲೇ.

ಅದೇ ವರ್ಷ, 1773ರ ನವೆಂಬರ್ 25ಕ್ಕೆ, ಇನ್ನೊಂದು ಸಂಗತಿ ನಡೆಯಿತು. ಸಂಗೀತ ರಚನಕಾರ ಗ್ಲುಕ್‌ನ ಆರ್ಫಿಯಸ್ ಒಪೆರಾ ಸ್ವೀಡಿಷ್‌ಗೆ ಬಂತು. 1762ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಆಡಿದಾಗ ಆರ್ಫಿಯಸ್ ಪಾತ್ರ ಹಾಡಿದ್ದು ಕಾಸ್ಟ್ರಾಟೊ. ಅಂದರೆ ಹುಡುಗರಿದ್ದಾಗಲೇ ಬೀಜ ತೆಗೆಸಿ, ಧ್ವನಿ ಒಡೆಯದ ಹಾಗೆ ಮಾಡಿ ಬೆಳೆಸಿದ ಗಾಯಕ. ಆ ಹೊತ್ತಿನ ಇಟಲಿಯ ಪದ್ಧತಿ ಅದು. ಹೊಸದಾಗಿ ಕಣ್ಣುಬಿಟ್ಟ ಸ್ವೀಡಿಷ್ ತಂಡದಲ್ಲಿ ಅಂಥವರು ಎಲ್ಲಿಂದ ಬರಬೇಕು? ಇದ್ದದ್ದು ಕಾರ್ಲ್. ಪಾತ್ರ ಟೆನರ್‌ಗೆ ಹೊಂದಿಕೊಂಡಿತು. ಗ್ಲುಕ್ ತಾನೇ ಆ ಪಾತ್ರವನ್ನು ಎತ್ತರದ ಗಂಡುಧ್ವನಿಗೆ ತಿದ್ದಿ ಬರೆದು ಪ್ಯಾರಿಸ್‌ನಲ್ಲಿ ಆಡಿಸಿದ್ದು 1774ರ ಆಗಸ್ಟ್‌ನಲ್ಲಿ. ಅಂದರೆ ಸ್ಟಾಕ್‌ಹೋಮ್ ಪ್ಯಾರಿಸ್‌ಗಿಂತ ಎಂಟು ಒಂಬತ್ತು ತಿಂಗಳು ಮುಂದು. ಬೇರೆ ದಾರಿ ಇಲ್ಲದೆ ಮಾಡಿದ ಕೆಲಸ, ಆದರೂ ನನಗೆ ಇದು ತುಂಬಾ ಇಷ್ಟದ ವಿಷಯ. ಇಲ್ಲೂ ಕಾರ್ಲ್ ಎದುರಿಗೆ ಆರ್ಫಿಯಸ್‌ನ ಹೆಂಡತಿ ಯೂರಿಡಿಸೆ ಆಗಿ ಊಲಿನ್.

ಇಷ್ಟೇ ಆಗಿದ್ದರೆ 'ಒಪೆರಾ ಗಾಯಕ' ಅಂತ ಬರೆದು ಮುಗಿಸಬಹುದಿತ್ತು. ಆದರೆ ಅವರಪ್ಪ ಸುಮ್ನೆ ಕೂತಿರಲಿಲ್ಲ.

ಊರ ಉತ್ತರದ ಅಂಚಿನಲ್ಲಿ ಹುಮ್ಲೆಗೋರ್ಡನ್ ಅನ್ನೋ ತೋಟ ಇತ್ತು. ಹುಮ್ಲೆ ಅಂದರೆ ಬಿಯರ್‌ಗೆ ಹಾಕೋ ಹಾಪ್ಸ್ ಬಳ್ಳಿ. ಹಿಂದೆ ಅರಮನೆಗೆ ಅದನ್ನು ಅಲ್ಲೇ ಬೆಳೀತಿದ್ದರು. ಆ ತೋಟದ ನಡುವೆ ಒಂದು ದುಂಡನೆಯ ಮಂಟಪ, ರೊಟುಂಡ ಅಂತ ಹೆಸರು. 1773ರಲ್ಲಿ ಪೆಟ್ಟರ್ ಅಲ್ಲಿ ನಾಟಕ ಶುರು ಮಾಡಿದ. ಅದೇ ವರ್ಷ ಮಗ ಅರಮನೆ ಪಕ್ಕದಲ್ಲಿ ಪೆಲೆ, ಆರ್ಫಿಯಸ್. ಊರ ಆ ತುದಿಯಲ್ಲಿ ಅಪ್ಪ, ಈ ತುದಿಯಲ್ಲಿ ಮಗ. ಸಂಜೆ ತಿರುಗಾಡೋಕೆ ಬಂದ ಜನ ಟಿಕೆಟ್ ತಗೊಂಡು ಕೂರೋರು.

ಹುಮ್ಲೆಗೋರ್ಡನ್‌ನಲ್ಲಿ ಏನು ಆಡ್ತಿದ್ದರು? ರಾಜನ ಒಪೆರಾಗಳ ಅಣಕ! ಕಾರ್ಲ್ ಇಸ್ರಾಯೆಲ್ ಹಾಲ್‌ಮನ್ ಅನ್ನೋನು ಬರೆಯುತ್ತಿದ್ದ. ಕುಡಿತ, ಹೋಟೆಲು, ಬೀದಿ ಜಗಳ, ಎಲ್ಲಾ ಇವನ ಸರಕು. ಕವಿ ಬೆಲ್‌ಮನ್‌ನ ದೋಸ್ತಿ, ಹಾಗಾಗಿ ಆಶ್ಚರ್ಯ ಏನಿಲ್ಲ. 1775ರಲ್ಲಿ 'ಕಾಸ್ಪರ್ ಮತ್ತು ಡೊರೊತೆಯಾ', ರಾಜನ ರಂಗದಲ್ಲಿ ಆಡಿದ್ದ 'ಏಸಿಸ್ ಮತ್ತು ಗಲಾಟೆಯಾ' ಒಪೆರಾದ ಅಣಕ. ಅಲ್ಲಿ ಕುರುಬ ಮತ್ತು ಅಪ್ಸರೆ ಇದ್ದರೆ ಇಲ್ಲಿ ಊರ ಕೆಳಗಿನ ಕೇರಿಯ ಜನ. ಮರುವರ್ಷ 'ಫಿಂಕೆಲ್', ಅಂದರೆ ಕಳಪೆ ಸಾರಾಯಿ. ನೆಲದಡಿ ಕದ್ದು ಸಾರಾಯಿ ಕಾಯಿಸೋರ ಕಥೆ. ಅದರ ಹಿಂದಿನ ವರ್ಷವಷ್ಟೇ ರಾಜ ಮನೆಮನೆಯಲ್ಲಿ ಸಾರಾಯಿ ಕಾಯಿಸೋದನ್ನು ನಿಲ್ಲಿಸಿ ಸರ್ಕಾರಿ ಭಟ್ಟಿ ಇಟ್ಟಿದ್ದ, ಜನಕ್ಕೆ ಕೆಂಡದಂಥ ಸಿಟ್ಟು ಬಂದಿತ್ತು. ಟಿಕೆಟ್ ಹೋಗದೆ ಇರುತ್ತಾ?

1779ರಲ್ಲಿ ಹಾಲ್‌ಮನ್ ಇನ್ನೊಂದು ಬರೆದ. ಹೆಸರು ಕೇಳಿ: 'ಪೆಟಿಸ್ ಮತ್ತು ಥೆಲೆ'. ಥೆಟಿಸ್‌ನ ತಲೆ ತೆಗೆದು ಪೆಲೆಗೆ, ಪೆಲೆಯ ತಲೆ ತೆಗೆದು ಥೆಟಿಸ್‌ಗೆ. ಮಗನಿಗೆ ಹೆಸರು ತಂದುಕೊಟ್ಟ ಒಪೆರಾವನ್ನೇ ಅಪ್ಪನ ಕಂಪನಿ ಹಾಸ್ಯ ಮಾಡಿ ದುಡ್ಡು ಮಾಡಿಕೊಂಡಿತು! ಅಪ್ಪ ಮಗನಿಗೆ ಮನಸ್ತಾಪ ಬಂತಾ ಅಂತ ಕೇಳಬೇಡಿ, ಬಂದ ಹಾಗೆ ಕಾಣಲ್ಲ. ಮರುವರ್ಷವೇ ಕಂಪನಿ ಮಗನ ಕೈಗೆ ಬಂತು.

ಅದಕ್ಕೂ ಮೊದಲು, 1777ರಲ್ಲಿ, ಕಾರ್ಲ್ ಅಪ್ಪನ ಕಂಪನಿಗೆ ಒಂದು ಕೆಲಸ ಮಾಡಿಕೊಟ್ಟ. 'ದೊರೆ ಗುಸ್ತಾವ್ ಅಡಾಲ್ಫ್‌ನ ಬೇಟೆ' ಅನ್ನೋ ಹಾಡುನಾಟಕಕ್ಕೆ ಸಂಗೀತ ಕೂಡಿಸಿದ. ಮಾತೂ ಉಂಟು, ಹಾಡೂ ಉಂಟು. ಫ್ರಾನ್ಸಿನ ಕೊಲ್ಲೆ ಬರೆದ ಮೂಲದಲ್ಲಿ ಅಲ್ಲಿನ ದೊರೆ ನಾಲ್ಕನೇ ಹೆನ್ರಿ ಬೇಟೆಗೆ ಹೋಗಿ, ಕಾಡಲ್ಲಿ ದಾರಿ ತಪ್ಪಿ, ತಾನು ಯಾರು ಅಂತ ಹೇಳದೆ ಹಳ್ಳಿಯವರ ಮನೆಯಲ್ಲಿ ಉಳಿಯುತ್ತಾನೆ. ಸ್ವೀಡನ್‌ಗೆ ಬಂದಾಗ ಹೆನ್ರಿ ಹೋಗಿ ಹದಿನೇಳನೇ ಶತಮಾನದ ಸ್ವೀಡನ್ ದೊರೆ ಗುಸ್ತಾವ್ ಅಡಾಲ್ಫ್ ಆದ. ಮಾತು-ಹಾಡು ಬೆರೆತ ಇಂಥದ್ದಕ್ಕೆ ಒಪೆರಾ ಕಾಮಿಕ್ ಅಂತಾರೆ, ಸ್ವೀಡಿಷ್‌ನ ಮೊದಮೊದಲ ಒಪೆರಾ ಕಾಮಿಕ್‌ಗಳಲ್ಲಿ ಇದೂ ಒಂದು. ನನ್ನ ಲೆಕ್ಕದಲ್ಲಿ ರಾಜನ ದೊಡ್ಡ ದೊಡ್ಡ ಒಪೆರಾಗಳಿಗಿಂತ ಇದೇ ಮುಖ್ಯ. ಆ ಒಪೆರಾಗಳ ದೇವದೇವತೆಯರು ಪ್ಯಾರಿಸ್‌ನಲ್ಲೂ ಇದ್ದರು, ಹಳ್ಳಿಯವರ ಬಾಯಲ್ಲಿ ಸ್ವೀಡಿಷ್ ಮಾತು, ಸ್ವೀಡಿಷ್ ಹಾಡು ಕೇಳಬೇಕಾದರೆ ಇಲ್ಲಿಗೇ ಬರಬೇಕಿತ್ತು. ಮಾತಿನ ನಾಟಕಕ್ಕೆ ಭಾಷೆ ಹದವಾಗಿಲ್ಲ ಅಂದಿದ್ದರಲ್ಲ, ಭಾಷೆ ಹದವಾಗುತ್ತಿದ್ದದ್ದು ಈ ತೋಟದ ಮಂಟಪದಲ್ಲಿ.

1780ರಲ್ಲಿ ಕಂಪನಿ ಹುಮ್ಲೆಗೋರ್ಡನ್ ಬಿಟ್ಟು ಹತ್ತಿರದ ಎರಿಕ್ಸ್‌ಬೆರ್ಗ್‌ಗೆ ಹೋಯಿತು. ಮರುವರ್ಷ ಪೆಟ್ಟರ್ ತೀರಿಕೊಂಡ. 1784ರಲ್ಲಿ ಕಾರ್ಲ್ ಕಂಪನಿಯನ್ನು ಹಳೆ ಊರಿನ ಒಳಗೇ ತಂದ, ಮುಂಕ್‌ಬ್ರೋನ್ ಅನ್ನೋ ಜಾಗಕ್ಕೆ. ಊರಾಚೆ ತೋಟದಲ್ಲಿ ಆಡೋದಕ್ಕೂ ಪಟ್ಟಣದ ನಡುಮಧ್ಯ ಆಡೋದಕ್ಕೂ ವ್ಯತ್ಯಾಸ ಇದೆ. ಸ್ವೀಡನ್ನಿನ ಚಳಿಗಾಲ ಗೊತ್ತಲ್ಲ, ಮಧ್ಯಾಹ್ನ ಮೂರು ಗಂಟೆಗೇ ಕತ್ತಲು. ನಾಟಕಕ್ಕೆ ಒಳ್ಳೆಯ ಕಾಲವೇ ಅದು, ಆದರೆ ಹಿಮದಲ್ಲಿ ಊರಾಚೆ ನಡೆದುಕೊಂಡು ಯಾರು ಹೋಗ್ತಾರೆ? ಮುಂಕ್‌ಬ್ರೋನ್‌ಗೆ ಬಂದಮೇಲೆ ಕಂಪನಿಗೆ ವರ್ಷಪೂರ್ತಿ ಜನ ಸಿಕ್ಕಿದರು.

ಆ ವರ್ಷವೇ ಅಲ್ಲಿ 'ದಾಲಾರ್ನಾದಲ್ಲಿ ಗುಸ್ತಾವ್ ಎರಿಕ್ಸನ್'. ಸಾಹಿತ್ಯ ಕಾರ್ಲ್ ಎನ್ವಾಲ್ಸನ್‌ದು, ಸಂಗೀತ ನಮ್ಮ ಸ್ಟೆನ್‌ಬೋರ್ಗ್‌ನದ್ದೇ. ಎನ್ವಾಲ್ಸನ್ ಈ ಕಂಪನಿಯ ಬೆನ್ನೆಲುಬು. ಫ್ರೆಂಚ್ ಹಾಡುನಾಟಕಗಳನ್ನು ಸ್ವೀಡಿಷ್‌ಗೆ ತಿರುಗಿಸಿ ತಿರುಗಿಸಿ ರಾಶಿ ಹಾಕಿದ. ಗುಸ್ತಾವ್ ಎರಿಕ್ಸನ್ ಅಂದರೆ ಗುಸ್ತಾವ್ ವಾಸಾ. ಡೆನ್ಮಾರ್ಕ್ ದೊರೆ ಕ್ರಿಸ್ಟಿಯನ್ 1520ರಲ್ಲಿ ಸ್ಟಾಕ್‌ಹೋಮಿನಲ್ಲಿ ಸಾಮೂಹಿಕ ತಲೆ ಕಡಿಸಿದ ಮೇಲೆ ದಾಲಾರ್ನಾ ಪ್ರಾಂತ್ಯದ ರೈತರನ್ನು ಕಟ್ಟಿಕೊಂಡು ದಂಗೆ ಎದ್ದು, 1523ರಲ್ಲಿ ರಾಜನಾದವನು.

ಎರಡು ವರ್ಷ ಕಳೆದು, 1786ರ ಜನವರಿ 19ಕ್ಕೆ, ಇದೇ ನಾಯಕನ ಮೇಲೆ ರಾಜನ ಕಡೆಯಿಂದ ಮಹಾ ಒಪೆರಾ ಬಂತು. 'ಗುಸ್ತಾವ್ ವಾಸಾ'. ಕಥೆಯ ನಕ್ಷೆ ರಾಜನದ್ದು, ಸಾಹಿತ್ಯ ಕೆಲ್‌ಗ್ರೆನ್‌ನದ್ದು, ಸಂಗೀತ ಜರ್ಮನಿಯ ನೌಮಾನ್‌ದು, ಪರದೆ-ಸೀನರಿ ಫ್ರಾನ್ಸಿನ ದೆಪ್ರೆ ಬರೆದದ್ದು. ಆ ಹೊತ್ತಿಗೆ ಬೊಲ್‌ಹುಸೆಟ್ ಸಾಲದೆ, ಅರಮನೆಯ ಎದುರು ದಡದಲ್ಲಿ ಆಡೆಲ್‌ಕ್ರಾಂಟ್ಸ್ ಕಟ್ಟಿದ ಹೊಸ ಒಪೆರಾ ಮಂದಿರ 1782ರಲ್ಲಿ ತೆರೆದಿತ್ತು. ಗುಸ್ತಾವ್ ವಾಸಾ ಪಾತ್ರಕ್ಕೆ ಯಾರು? ಕಾರ್ಲ್ ಸ್ಟೆನ್‌ಬೋರ್ಗ್. ಅಂದರೆ ಸ್ವಂತ ಕಂಪನಿಯಲ್ಲಿ ಯಾವ ವೀರನಿಗೆ ತಾನೇ ಹಾಡು ಕಟ್ಟಿದ್ದನೋ, ರಾಜನ ಮನೆಯಲ್ಲಿ ಅವನ ವೇಷವನ್ನೇ ಹಾಕಿಕೊಂಡ. ಒಪೆರಾ ಮುಗಿಸಿ ಸೇತುವೆ ದಾಟಿದರೆ ಮುಂಕ್‌ಬ್ರೋನ್, ಅಲ್ಲಿ ಇವನೇ ಯಜಮಾನ. ಕಲಾವಿದರ ಸಂಬಳ, ಮೇಣದಬತ್ತಿ ಖರ್ಚು, ಸಾಲ, ಮುಂದಿನ ವಾರದ ನಾಟಕ ಎಲ್ಲಾ ತಲೆ ಮೇಲೆ.

ಮೇಣದಬತ್ತಿ ಅಂದೆ. ಆ ಕಾಲದ ನಾಟಕದವರ ಲೆಕ್ಕದಲ್ಲಿ ಇದು ದೊಡ್ಡ ಬಾಬ್ತು. ಮೇಣದ್ದು ದುಬಾರಿ, ಅದು ಅರಮನೆಗೆ. ಬಡ ಕಂಪನಿಗೆ ಪ್ರಾಣಿಕೊಬ್ಬಿನ ಬತ್ತಿ. ಹೊಗೆ, ನಾತ, ಬತ್ತಿ ಕರಕಲಾದಾಗಲೆಲ್ಲಾ ಯಾರಾದರೂ ಬಂದು ಕತ್ತರಿಸಬೇಕು. ಆ ಬೆಳಕಿನಲ್ಲಿ ನಟನ ಮುಖ ಹಿಂದೆ ಕೂತವನಿಗೆ ಕಾಣಬೇಕಾದರೆ ರಂಗದ ಮುಂಚೂಣಿಗೇ ಬಂದು ನಿಲ್ಲಬೇಕು, ಕೈ ಸನ್ನೆ ದೊಡ್ಡದಾಗಬೇಕು. ಹಳೆಯ ಚಿತ್ರಗಳಲ್ಲಿ ನಟರ ಕೈ ಭಂಗಿ ನೋಡಿ 'ಓವರ್ ಆಕ್ಟಿಂಗ್' ಅಂತ ನಗೋ ಮೊದಲು ಒಂದು ಸಲ ಆ ಬೆಳಕನ್ನು ನೆನೆಸಿಕೊಳ್ಳಿ.

ಮಾತಿನ ನಾಟಕಕ್ಕೆ ರಾಜ ಕೊನೆಗೂ ಮನಸ್ಸು ಮಾಡಿದ್ದು 1788ರಲ್ಲಿ. ರಾಯಲ್ ಡ್ರಮ್ಯಾಟಿಕ್ ಥಿಯೇಟರ್ ಸ್ಥಾಪನೆಯಾಯಿತು, ಈಗಲೂ ನಡೀತಿದೆ, ಜನ ಡ್ರಾಮಾಟೆನ್ ಅಂತಾರೆ. ಪೆಟ್ಟರ್ ಅರ್ಜಿ ಹಾಕಿ ಹದಿನಾರು ವರ್ಷ ಆಗಿತ್ತು.

ಮುಂದಿನದು ನಿಮಗೆ ಗೊತ್ತು. 1792ರ ಮಾರ್ಚ್ 16ರ ರಾತ್ರಿ ಒಪೆರಾ ಮಂದಿರದಲ್ಲಿ ಮುಖವಾಡದ ಕುಣಿತ. ಅಂಕರ್‌ಸ್ಟ್ರೋಮ್ ಹಿಂದಿನಿಂದ ಬಂದು ಪಿಸ್ತೂಲು ಹಾರಿಸಿದ. 29ಕ್ಕೆ ರಾಜ ತೀರಿಕೊಂಡ. ಆ ದಿನ ತೊಟ್ಟಿದ್ದ ಬಟ್ಟೆ ಸ್ಟಾಕ್‌ಹೋಮಿನ ಅರಮನೆಯ ಆಯುಧಗಳ ಮ್ಯೂಸಿಯಂನಲ್ಲಿದೆ. ಎಲ್ಲರೂ ಈ ಕೊಲೆಗೇ ಕಥೆ ನಿಲ್ಲಿಸುತ್ತಾರೆ. ಸ್ಟೆನ್‌ಬೋರ್ಗ್‌ಗೆ ನಿಜವಾದ ಪೆಟ್ಟು ಬಿದ್ದದ್ದು ಆರು ವರ್ಷ ಆದಮೇಲೆ, ಅದೂ ಒಂದು ಕಾಗದದಿಂದ.

1798ರಲ್ಲಿ, ಸತ್ತ ರಾಜನ ಮಗ ನಾಲ್ಕನೇ ಗುಸ್ತಾವ್ ಅಡಾಲ್ಫ್‌ನ ಕಾಲದಲ್ಲಿ ಆಜ್ಞೆಯಾಯಿತು. ರಾಜಧಾನಿಯಲ್ಲಿ ಇನ್ನು ರಾಜನ ರಂಗಮಂದಿರಗಳು ಮಾತ್ರ, ಖಾಸಗಿ ನಾಟಕ ಕೂಡದು. ಆಗ ರಾಜನ ರಂಗಮಂದಿರಗಳಿಗೆ ದುಡ್ಡಿನ ಕಷ್ಟ, ಎದುರಲ್ಲಿ ಮುಂಕ್‌ಬ್ರೋನ್. ಪ್ರೇಕ್ಷಕರನ್ನು ಹಂಚಿಕೊಳ್ಳೋ ಬದಲು ಎದುರಾಳಿಯನ್ನೇ ಮುಚ್ಚಿಸಿದರು. 1799ರಲ್ಲಿ ಮುಂಕ್‌ಬ್ರೋನ್‌ಗೆ ಬೀಗ ಬಿತ್ತು. ಅಪ್ಪ ಮಗ ಇಬ್ಬರೂ ಸೇರಿ ನಾಲ್ಕು ದಶಕದಷ್ಟು ನಡೆಸಿದ ಕಂಪನಿ ಅದು. ಮುಚ್ಚಿಸಿದ ರಾಜನ ಒಪೆರಾದಲ್ಲೇ ಕಾರ್ಲ್ ಮತ್ತೆ ಏಳು ವರ್ಷ ಹಾಡಬೇಕಾಯಿತು, ಹೊಟ್ಟೆಪಾಡು. ತನ್ನಪ್ಪ ಗುಂಡೇಟು ತಿಂದ ಆ ಕಟ್ಟಡವನ್ನು ಕಂಡರಾಗದ ರಾಜ 1806ರಲ್ಲಿ ಒಪೆರಾವನ್ನೇ ಮುಚ್ಚಿಬಿಟ್ಟ. ಕಾರ್ಲ್‌ನ ವೃತ್ತಿಗೂ ಅಲ್ಲಿಗೆ ತೆರೆ. 1813ರ ಆಗಸ್ಟ್ 1ಕ್ಕೆ ತೀರಿಕೊಂಡ.

ಆ ಆಜ್ಞೆಯ ಬಾಲ ಎಷ್ಟು ಉದ್ದ ಇತ್ತು ಅನ್ನೋದಕ್ಕೆ ಒಂದು ಪ್ರಸಂಗ ಹೇಳ್ತೀನಿ, ನೀವು ಕೇಳಿಲ್ಲದಿದ್ದರೂ. 1830ರ ದಶಕದಲ್ಲಿ ಆಂಡರ್ಸ್ ಲಿಂಡೆಬೆರ್ಗ್ ಅನ್ನೋ ಪತ್ರಕರ್ತನಿಗೆ ಸ್ಟಾಕ್‌ಹೋಮಿನಲ್ಲಿ ನಾಟಕಮಂದಿರ ತೆರೆಯೋ ಆಸೆ. ಅನುಮತಿ ಸಿಗಲಿಲ್ಲ. ರಾಜ ತನ್ನ ಲಾಭಕ್ಕೆ ಈ ಏಕಸ್ವಾಮ್ಯ ಇಟ್ಟುಕೊಂಡಿದ್ದಾನೆ ಅಂತ ದೂರು ಬರೆದ. ರಾಜದ್ರೋಹ ಅಂತ 1834ರಲ್ಲಿ ಮರಣದಂಡನೆ! ತಲೆ ಕಡಿಯೋ ಶಿಕ್ಷೆ. ರಾಜ ಕಾರ್ಲ್ ಯೋಹಾನ್ ಗಾಬರಿಯಾಗಿ ಅದನ್ನು ಮೂರು ವರ್ಷ ಜೈಲಿಗೆ ಇಳಿಸಿದ. ಲಿಂಡೆಬೆರ್ಗ್ ಒಪ್ಪಲಿಲ್ಲ. ಬೇಡ, ನನ್ನ ತಲೆ ಕಡೀರಿ ಅಂತ ಪಟ್ಟು ಹಿಡಿದು ಕೂತ. ಕೊನೆಗೆ ರಾಜ 'ಶಿರಚ್ಛೇದಕ್ಕೆ ಕಾಯುತ್ತಿರುವ ಎಲ್ಲಾ ರಾಜಕೀಯ ಕೈದಿಗಳಿಗೆ' ಕ್ಷಮಾದಾನ ಕೊಟ್ಟ. ಅಂಥ ಕೈದಿ ಇದ್ದವನು ಇವನೊಬ್ಬನೇ. ಆಗಲೂ ಹೊರಗೆ ಹೋಗಲ್ಲ ಅಂದ. ಅಂಗಳದಲ್ಲಿ ಓಡಾಡೋಕೆ ಬಂದಾಗ ಹಿಂದಿನಿಂದ ಕೋಣೆಯ ಬಾಗಿಲು ಹಾಕಿಬಿಟ್ಟರು. 1842ರಲ್ಲಿ ಅವನ ಹೊಸ ರಂಗಮಂದಿರ ತೆರೆಯಿತು, ಏಕಸ್ವಾಮ್ಯ ಮುರಿಯಿತು. ಮುಂಕ್‌ಬ್ರೋನ್‌ಗೆ ಬೀಗ ಬಿದ್ದು 43 ವರ್ಷ ಆಗಿತ್ತು.

ಇನ್ನು ಕಟ್ಟಡಗಳ ಪ್ರಶ್ನೆ. ಬೊಲ್‌ಹುಸೆಟ್ ಇಲ್ಲ, 1790ರ ದಶಕದಲ್ಲಿ ಕೆಡವಿದರು. ಪಕ್ಕದಲ್ಲೇ ಇನ್ನೊಂದು ಚಿಕ್ಕ ಚೆಂಡಿನ ಮನೆ ಇತ್ತು, ಅದು ಫಿನ್ನಿಷ್ ಚರ್ಚ್ ಆಗಿ ಈಗಲೂ ನಿಂತಿದೆ. ಆ ಕಟ್ಟಡದ ಅಂದಾಜು ಬೇಕಿದ್ದರೆ ಅಲ್ಲಿಗೆ ಹೋಗಿ ನೋಡಬಹುದು. ಹುಮ್ಲೆಗೋರ್ಡನ್ ಈಗ ಸಾರ್ವಜನಿಕ ಉದ್ಯಾನ, ಮಧ್ಯೆ ರಾಷ್ಟ್ರೀಯ ಗ್ರಂಥಾಲಯ. ಗುಸ್ತಾವ್‌ನ ಒಪೆರಾ ಮಂದಿರವನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆಡವಿ ಅದೇ ಜಾಗದಲ್ಲಿ ಈಗಿನದ್ದನ್ನು ಕಟ್ಟಿದರು, 1898ರಲ್ಲಿ ತೆರೆದದ್ದು.

ಆದರೆ ಒಂದು ಉಳಿದಿದೆ. ಊರಿಂದ ಪಶ್ಚಿಮಕ್ಕೆ, ಮೇಲಾರೆನ್ ಸರೋವರದ ದ್ವೀಪವೊಂದರಲ್ಲಿ ಡ್ರೊಟ್ನಿಂಗ್‌ಹೋಲ್ಮ್ ಅರಮನೆ. ಅದರ ರಂಗಮಂದಿರ 1766ರದ್ದು, ಕಟ್ಟಿಸಿದವಳು ಅದೇ ಲೊವೀಸಾ ಉಲ್ರಿಕಾ. ಬೇಸಿಗೆಯಲ್ಲಿ ಆಸ್ಥಾನ ಅಲ್ಲಿಗೆ ಹೋದಾಗ ರಾಜನ ಒಪೆರಾ ತಂಡವೂ ಅಲ್ಲಿ ಆಡುತ್ತಿತ್ತು. ಗುಸ್ತಾವ್ ಸತ್ತ ಮೇಲೆ ಮೂಲೆಗೆ ಬಿತ್ತು, ಸಾಮಾನು ತುಂಬೋ ಕೋಣೆಯಾಯಿತು. 1921ರಲ್ಲಿ ಆಗ್ನೆ ಬೆಯೆರ್ ಅನ್ನೋ ವಿದ್ವಾಂಸ ಯಾವುದೋ ಚಿತ್ರ ಹುಡುಕಿಕೊಂಡು ಒಳಗೆ ಹೋದರೆ ಹದಿನೆಂಟನೇ ಶತಮಾನದ ಯಂತ್ರ, ಪರದೆ, ಸೈಡ್‌ವಿಂಗ್ ಎಲ್ಲಾ ಇದ್ದಲ್ಲೇ ಇದ್ದವು. ಹೆಚ್ಚುಕಮ್ಮಿ ಹಗ್ಗ ಬದಲಾಯಿಸಿದ್ದಷ್ಟೇ, ಯಂತ್ರ ತಿರುಗಿತು. ಮರುವರ್ಷ ರಂಗ ಮತ್ತೆ ತೆರೆಯಿತು.

ಒಳಗೆ ಹೋದರೆ ಗೋಡೆಯ ಅಮೃತಶಿಲೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಬೇಕು ಅನ್ನಿಸುತ್ತೆ (ಬಿಡೋದಿಲ್ಲ). ಅದು ಮರಕ್ಕೆ ಬಳಿದ ಬಣ್ಣ. ಅಲಂಕಾರಗಳು ಕಾಗದದ ಮುದ್ದೆಯಿಂದ ಮಾಡಿದ್ದು. ರಾಣಿಯ ಹತ್ತಿರವೂ ದುಡ್ಡಿರಲಿಲ್ಲ. ರಂಗದ ಕೆಳಗೆ ದೊಡ್ಡ ಮರದ ರಾಟೆ, ನಾಲ್ಕು ಜನ ಹಿಡಿದು ತಿರುಗಿಸಿದರೆ ಎರಡೂ ಬದಿಯ ಸೈಡ್‌ವಿಂಗ್‌ಗಳು ಒಟ್ಟಿಗೇ ಸರಿದು ಕಾಡು ಹೋಗಿ ಅರಮನೆ ಬರುತ್ತೆ, ನೋಡೋರ ಕಣ್ಣೆದುರೇ, ಕೆಲವೇ ಕ್ಷಣದಲ್ಲಿ. ಮೇಲೆ ಅಟ್ಟದಲ್ಲಿ ಕಲ್ಲು ತುಂಬಿದ ಮರದ ಪೆಟ್ಟಿಗೆ ಒಂದಿದೆ. ಹಗ್ಗ ಎಳೆದು ಪೆಟ್ಟಿಗೆ ವಾಲಿಸಿದರೆ ಕಲ್ಲುಗಳು ಆ ತುದಿಯಿಂದ ಈ ತುದಿಗೆ ಉರುಳಿ ಗುಡುಗು. ದೇವತೆಗಳ ಒಪೆರಾಗಳಿಗೆ ಗುಡುಗು ಇಲ್ಲದೆ ಆಗೋದಿಲ್ಲ. ಬೇಸಿಗೆಯಲ್ಲಿ ಮಾತ್ರ ಅಲ್ಲಿ ಒಪೆರಾ ಆಡ್ತಾರೆ, ಟಿಕೆಟ್ ಮೊದಲೇ ತಗೊಳ್ಳಿ. ಸ್ಟೆನ್‌ಬೋರ್ಗ್ ಕೇಳಿದ ಗುಡುಗು ಅದೇ.